ಫಿಂಜಾನಿನ ಬಾಯೊಳಗೆ ಐದು ತೂತು

ಕುವೈತಿನ ಹವಲ್ಲಿಯ ಹಳೆ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಹಲ್ಲು ಮಾಡುವ ಲ್ಯಾಬ್ ಇದೆ. ರುಡಾಲ್ಫ್ ಪಾಯ್ಸ್ ಅಲ್ಲಿ ಹನ್ನೊಂದು ವರ್ಷದಿಂದ ಲೋಹ ಕರಗಿಸಿ, ಅಚ್ಚಿಗೆ ಸುರಿದು, ಉಜ್ಜಿ, ಹೊಳಪು ಕೊಟ್ಟು ಕಂಡವರ ಬಾಯಿ ತುಂಬಿಸುತ್ತಿದ್ದ. ಬೆಳಿಗ್ಗೆ ಒಂದು ಪಾಳಿ, ಸಂಜೆ ಇನ್ನೊಂದು. ನಡುವಿನ ನಾಲ್ಕು ಗಂಟೆ ಬಿಡುವು ಸಿಕ್ಕರೆ ಆಗ ಹೆಂಡತಿ ಡೊರೊತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳು ಮನೆಗೆ ಬರುವ ಹೊತ್ತಿಗೆ ಇವನು ಬೂಟು ಹಾಕುತ್ತಿರುತ್ತಿದ್ದ. ಹನ್ನೊಂದು ವರ್ಷ ಅವರಿಬ್ಬರೂ ಲಿಫ್ಟಿನ ಬಾಗಿಲಲ್ಲಿ ಸಂಸಾರ ಮಾಡಿದರು ಎಂದರೆ ಅದರಲ್ಲಿ ದೊಡ್ಡ ಸುಳ್ಳೇನೂ ಇಲ್ಲ.

ಹಾಗಾಗಿ ಸಲ್ವಾದಲ್ಲಿ ಹೊಸದಾಗಿ ತೆರೆದ ಲ್ಯಾಬಿನವರು ಒಂದೇ ಪಾಳಿ, ನಾಲ್ಕಕ್ಕೆಲ್ಲ ಮನೆ ಎಂದು ಕರೆದಾಗ ರುಡಾಲ್ಫನ ಬಾಯಲ್ಲಿ ನೀರೂರಿತು. ಮಾರ್ಚ್ ಕೊನೆಯವರೆಗೆ ಕಾಯುತ್ತೇವೆ ಅಂದರು. ಅವನಿಗೆ ಬೇಕಾದದ್ದು ಒಂದೇ ಕಾಗದ, ಈಗಿನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಸಹಿ ಹಾಕಿದ ರಿಲೀಸ್, ಬೇರೆಡೆ ಕೆಲಸಕ್ಕೆ ಹೋಗಲು ಬಿಡುವ ಒಪ್ಪಿಗೆ. ಕಾನೂನಿನಲ್ಲಿ ಬೇರೆ ದಾರಿಯೂ ಉಂಟು ಎಂದು ಚರ್ಚಿನಲ್ಲಿ ತಿಳಿದವರು ಹೇಳುತ್ತಿದ್ದರು. ಆದರೆ ಕಫೀಲನ ವಿರುದ್ಧ ಕಚೇರಿಯ ಮೆಟ್ಟಿಲು ಹತ್ತುವ ಗುಂಡಿಗೆ ರುಡಾಲ್ಫ್ ಊರಿಂದ ಬರುವಾಗ ತಂದಿರಲಿಲ್ಲ.

ಕಫೀಲ್ ಅಬು ಮಿಶಾಲ್ ಕೆಟ್ಟ ಮನುಷ್ಯನಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಇವನು ನಗುನಗುತ್ತ ಹೆಗಲ ಮೇಲೆ ಕೈಹಾಕಿ, 'ಮುಹಂದಿಸ್' ಎಂದು ಕರೆದು, ಇಂಜಿನಿಯರ್ ಪದವಿಯನ್ನು ಪುಕ್ಕಟೆ ದಯಪಾಲಿಸಿ, ಕೇಳಿದ್ದನ್ನು ಮಾತ್ರ ಕೊಡದೆ ಕಳಿಸುವ ಜಾತಿ. ರುಡಾಲ್ಫ್ ಅಕ್ಟೋಬರಿನಲ್ಲಿ ಧೈರ್ಯ ಮಾಡಿ ರಿಲೀಸಿನ ಮಾತೆತ್ತಿದಾಗ ಅವನು ಬೇಡ ಅನ್ನಲಿಲ್ಲ. ಕಪಾಟು ತೆರೆದು ಒಂದು ಕೋವಿ ಹೊರಗೆ ತೆಗೆದ.

ಅದು ಅಜ್ಜನ ಕೋವಿಯಂತೆ. ಇಂಗ್ಲಿಷರ ಸೈನ್ಯದ ತ್ರೀ ನಾಟ್ ತ್ರೀ. ಅಜ್ಜನಿಗೆ ಅದು ಸಿಕ್ಕ ಕತೆ ಹೇಳಿದ ಹಾಗೆಲ್ಲ ಬದಲಾಗುತ್ತಿತ್ತು. ಒಮ್ಮೆ ಮೇಜರ್ ಸಾಹೇಬ ಕೈಯಾರೆ ಕೊಟ್ಟದ್ದು, ಇನ್ನೊಮ್ಮೆ ಒಂಟೆಯ ಪಂದ್ಯದಲ್ಲಿ ಗೆದ್ದದ್ದು. ಲೈಸೆನ್ಸ್, ಕ್ಲಬ್ಬಿನ ಸದಸ್ಯತ್ವ ಎಲ್ಲ ಸರಿಯಾಗಿಯೇ ಇದ್ದವು. ಸರಿಯಿಲ್ಲದ್ದು ಗುರಿ ಒಂದೇ. ಶುಕ್ರವಾರ ಬೆಳಿಗ್ಗೆ ಮರುಭೂಮಿಯ ಬಯಲಿನಲ್ಲಿ ದಿವಾನಿಯಾ ಎಂಬ ಹರಟೆಕೂಟದ ಗೆಳೆಯರ ಮುಂದೆ ಅವನು ಹೊಡೆದ ಗುಂಡು ಆಕಾಶಕ್ಕೋ ಮರಳಿಗೋ ಹೋಗುತ್ತಿತ್ತೇ ಹೊರತು ಹಲಗೆಗೆ ತಾಗುತ್ತಿರಲಿಲ್ಲ, ಮತ್ತು ಆ ಗೆಳೆಯರು ವಾರವಿಡೀ ಕಾಫಿಯ ಜೊತೆ ಅದನ್ನೇ ಮೆಲ್ಲುತ್ತಿದ್ದರು.

ಅಷ್ಟರಲ್ಲಿ ಅಬು ಮಿಶಾಲನಿಗೆ ಇಂಟರ್‌ನೆಟ್ಟಿನಲ್ಲಿ ಅಮೆರಿಕದ ಮುದುಕರ ಗುಂಪೊಂದು ಕಣ್ಣಿಗೆ ಬಿತ್ತು. ಹಳೆ ಸೈನ್ಯದ ಕೋವಿಗೆ ಅಂಗಡಿಯ ತಾಮ್ರದ ಗುಂಡು ಹಾಕಬೇಡಿ, ಸೀಸವನ್ನು ನೀವೇ ಎರಕ ಹೊಯ್ದು ಗುಂಡು ಮಾಡಿ, ಮದ್ದು ಕಡಿಮೆ ಹಾಕಿ, ಆಗ ನೋಡಿ ಅದರ ಗತ್ತು, ಎಂದು ಅವರ ವಾದ. ಎಷ್ಟು ಮದ್ದು, ಎಂಥ ಸೀಸ, ಯಾವ ಮೇಣ ಎಂಬುದರಲ್ಲಿ ಮಾತ್ರ ಯಾವ ಇಬ್ಬರು ಮುದುಕರಿಗೂ ಒಮ್ಮತವಿರಲಿಲ್ಲ. ಅಬು ಮಿಶಾಲ್ ನಲವತ್ತು ಪುಟ ಪ್ರಿಂಟ್ ತೆಗೆಸಿ ರುಡಾಲ್ಫನ ಮೇಜಿನ ಮೇಲೆ ಹಾಕಿದ. ಹಲ್ಲು ಎರಕ ಹೊಯ್ಯುವವನಿಗೆ ಗುಂಡು ಯಾವ ಲೆಕ್ಕ ಎಂದು ಅವನ ತರ್ಕ.

ಆಮೇಲೆ ಕಾಫಿ ಕುಡಿದು ಮುಗಿಸಿದ ಫಿಂಜಾನನ್ನು, ಅಂದರೆ ಹಿಡಿಯಿಲ್ಲದ ಆ ಚಿಕ್ಕ ಬಟ್ಟಲನ್ನು, ಕಾಗದದ ಮೇಲೆ ಬೋರಲು ಹಾಕಿ, "ನೂರು ಮೀಟರಿನಿಂದ ಇದರ ಬಾಯೊಳಗೆ ಐದು ಗುಂಡು ಬೀಳಲಿ ಮುಹಂದಿಸ್. ಅದೇ ದಿನ ನಿನ್ನ ರಿಲೀಸಿಗೆ ಸಹಿ," ಅಂದ.

ಹೀಗೆ ರುಡಾಲ್ಫನ ಬಾಳು ಫಿಂಜಾನಿನ ಬಾಯಿಗೆ ಬಂದು ನಿಂತಿತು. ಶುಕ್ರವಾರ ಬೆಳಿಗ್ಗೆ ಕುವೈತಿನ ಕ್ರೈಸ್ತರೆಲ್ಲ ಪೂಜೆಗೆ ಹೋಗುವ ಹೊತ್ತು. ರುಡಾಲ್ಫ್ ಕೋವಿಯ ಹಿಂದೆ ಹೋದ. ಡೊರೊತಿ ಒಬ್ಬಳೇ ಚರ್ಚಿಗೆ ಹೋಗಿ, ಗಂಡನೆಲ್ಲಿ ಎಂದು ಕೇಳಿದವರಿಗೆಲ್ಲ ಹುಷಾರಿಲ್ಲ ಅಂದಳು. ಇದು ಆರೇಳು ವಾರ ನಡೆದಾಗ ಪಾದ್ರಿಗಳು ಅವನ ಹೆಸರಲ್ಲಿ ಒಂದು ಪ್ರಾರ್ಥನೆಯನ್ನೂ ಹೇಳಿಬಿಟ್ಟರು.

ಸೀಸ ತಂದುಕೊಟ್ಟವನು ಶಬೀರ್. ಶಬೀರ್ ಲ್ಯಾಬಿನ ಮಂದೂಬ್, ಸರಕಾರಿ ಕಚೇರಿಗಳಿಗೆ ಓಡಾಡಿ ಇಕಾಮಾ ಎಂಬ ವಾಸದ ಪರವಾನಗಿ, ಲೈಸೆನ್ಸು, ಅದು ಇದು ಮಾಡಿಸಿ ತರುವವನು. ವಿಟ್ಲದ ಕಡೆಯ ಬ್ಯಾರಿ, ಅರ್ದಿಯಾದಲ್ಲಿ ಬಿಡಾರ, ಊರಲ್ಲಿ ಐದು ಮಕ್ಕಳು. ಅವನ ಕಾರಿನ ಡಿಕ್ಕಿಯಲ್ಲಿ ಎಲ್ಲ ಬಗೆಯ ಅರ್ಜಿಗಳೂ ಮೊದಲೇ ತುಂಬಿ ರೆಡಿ ಇರುತ್ತಿದ್ದವು. ಒಂದು ಹಾಳಾದರೆ ಇನ್ನೊಂದು, ಇನ್ನೊಂದು ಹಾಳಾದರೆ ಮತ್ತೊಂದು. ಸರಿಯಾದ ಕಾಗದವಿಲ್ಲದೆ ಬರಿಗೈಯಲ್ಲಿ ಬಂದದ್ದು ಅವನ ಜಾತಕದಲ್ಲೇ ಇಲ್ಲ. ಅರ್ದಿಯಾದ ಟಯರ್ ಅಂಗಡಿಗಳಲ್ಲಿ ಚಕ್ರದ ಬ್ಯಾಲೆನ್ಸಿಗೆ ಅಂಟಿಸುವ ಸೀಸದ ತುಂಡುಗಳನ್ನು ಅವನು ಡಬ್ಬಿಗಟ್ಟಲೆ ಹೆಕ್ಕಿ ತಂದ. ಶುಕ್ರವಾರ ಬಯಲಿನಲ್ಲಿ ನೂರು ಮೀಟರ್ ನಡೆದುಹೋಗಿ ಗುರಿಹಲಗೆಯ ಕಾಗದ ಬಿಚ್ಚಿ ತರುವ ಕೆಲಸವೂ ಅವನದೇ ಆಯಿತು, ಏಕೆಂದರೆ ಕಾಗದ ತರುವುದು ಮಂದೂಬನ ಕೆಲಸ. ತೋಟೆಗೆ ಮದ್ದು ತುಂಬುವುದು ಕ್ಲಬ್ಬಿನವರ ಕೈಯಲ್ಲಿ. ರುಡಾಲ್ಫನದ್ದು ಗುಂಡು, ಮತ್ತೆ ಬೈಗಳು.

ಮೊದಲ ಗುಂಡುಗಳನ್ನು ಅವನು ಆ ನಲವತ್ತು ಪುಟದಲ್ಲಿದ್ದ ಅಳತೆಗೆ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಹೊಯ್ದ. ಹಲ್ಲು ಉಜ್ಜುವ ಹಾಗೆ ಉಜ್ಜಿದ, ಒಂದೊಂದನ್ನೂ ತೂಗಿ ನೋಡಿದ. ಲ್ಯಾಬಿನ ಮೇಣಕ್ಕೆ ಆಡಿನ ಕೊಬ್ಬು ಬೆರೆಸಿ ಡೊರೊತಿಯ ಹಾಲಿನ ಪಾತ್ರೆಯಲ್ಲೇ ಕಾಯಿಸಿ ಗುಂಡಿಗೆ ಸವರಿದ. ಆ ಪಾತ್ರೆ ಮತ್ತೆ ಹಾಲು ಕಾಣಲಿಲ್ಲ. ಇಷ್ಟೆಲ್ಲ ಮಾಡಿದರೂ ಐದರಲ್ಲಿ ಎರಡು ಕಾಗದದ ಅಂಚಿಗೆ ತಾಗಿದವು, ಅದರಲ್ಲೊಂದರ ತೂತು ಉದ್ದಕ್ಕಿತ್ತು, ಗುಂಡು ಮಲಗಿಕೊಂಡು ಹೋದ ಹಾಗೆ. ನಳಿಗೆಯ ಒಳಗೆಲ್ಲ ಸೀಸ ಮೆತ್ತಿ, ತಿಕ್ಕಿ ತೆಗೆಯುವಾಗ ರುಡಾಲ್ಫನ ಭುಜ ಬಿದ್ದುಹೋಯಿತು. ಕ್ಲಬ್ಬಿನವರಿಗೆ ಹೇಳಿ ಮದ್ದು ಹೆಚ್ಚಿಸಿದ, ಇಳಿಸಿದ. ಸೀಸಕ್ಕೆ ತವರ ಬೆರೆಸಿದ. ಒಬ್ಬ ಮುದುಕನನ್ನು ಬಿಟ್ಟು ಇನ್ನೊಬ್ಬ ಮುದುಕನನ್ನು ನಂಬಿದ. ಡಿಸೆಂಬರ್ ಮುಗಿಯುವಾಗ ನಲವತ್ತು ಪುಟದ ಎಲ್ಲ ಮುದುಕರೂ ಅವನ ಬಾಯಲ್ಲಿ ಬೈಸಿಕೊಂಡು ಆಗಿತ್ತು.

ಬುದ್ಧಿ ಬಂದದ್ದು ಒಂದು ದವಡೆಹಲ್ಲಿನಿಂದ. ಯಾವನೋ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆಯದೆ ಬರೇ ನಂಬರು ಬರೆದು ಹಲ್ಲು ಮಾಡಿ ಕಳಿಸಿ ಎಂದಿದ್ದ. ರುಡಾಲ್ಫ್ ಫೋನಿನಲ್ಲಿ ಅವನ ಮೇಲೆ ಹಾರಾಡಿದ. ಬಾಯಿ ನೋಡದೆ ಹಲ್ಲು ಮಾಡುವುದು ಯಾವ ಊರಿನ ಕೆಲಸ ಎಂದು ಕೇಳಿ ಫೋನಿಟ್ಟವನು ಹಾಗೆಯೇ ಕುಳಿತುಬಿಟ್ಟ. ಮೂರು ತಿಂಗಳಿನಿಂದ ತಾನು ಮಾಡುತ್ತಿದ್ದದ್ದೂ ಅದನ್ನೇ. ಎಷ್ಟೋ ಸಿಪಾಯಿಗಳು ಒರಸಿ ಒರಸಿ ಸವೆಸಿದ ನಳಿಗೆ ಅದು, ಅದರ ಬಾಯಿಯ ಅಳತೆಯನ್ನು ಅಮೆರಿಕದ ಮುದುಕನಿಗೆ ಕೇಳಿದ್ದ. ಹನ್ನೊಂದು ವರ್ಷ ಮಾಡಿದ ಕೆಲಸ ತಲೆಗೆ ಬರಲಿಲ್ಲವಲ್ಲ ಎಂದು ತನಗೇ ಎರಡು ಬಾರಿಸಿಕೊಳ್ಳಬೇಕು ಅನಿಸಿತು ಅವನಿಗೆ.

ಮೆತ್ತನೆಯ ಸೀಸದ ಒಂದು ತುಂಡನ್ನು ನಳಿಗೆಯ ಈ ಬದಿಯಿಂದ ಆ ಬದಿಗೆ ತಳ್ಳಿ, ಹೊರಬಂದದ್ದನ್ನು ಅಳೆದ. ಪ್ರಿಂಟಿನಲ್ಲಿದ್ದ ಅಳತೆಗಿಂತ ನಳಿಗೆ ಅಗಲ. ಅಚ್ಚನ್ನು ಅಷ್ಟಕ್ಕಷ್ಟು ಹಿಗ್ಗಿಸಿ, ಅದಕ್ಕಿಂತಲೂ ಒಂದು ಎಳೆಯಷ್ಟು ದಪ್ಪಗೆ ಹೊಸ ಗುಂಡು ಹೊಯ್ದ. ಜನವರಿಯ ಎರಡನೇ ಶುಕ್ರವಾರ ಅಬು ಮಿಶಾಲ್ ಕೋವಿಯ ಕುದುರೆ ಎಳೆದ. ಐದು ಸಲ. ಜಾಕೆಟ್ಟಿನ ಗುಂಡಿ ಹಾಕುತ್ತ ಶಬೀರ್ ಹೋದ, ಕಾಗದ ತಂದ, ಕಾರಿನ ಮೂತಿಯ ಮೇಲೆ ಹರಡಿದ. ಐದು ತೂತು, ಒಂದರ ಪಕ್ಕ ಒಂದು, ಫಿಂಜಾನ್ ಬೋರಲು ಹಾಕಿದರೆ ಎಲ್ಲವೂ ಅಡಿಯಲ್ಲಿ.

ಅಬು ಮಿಶಾಲ್ ರುಡಾಲ್ಫನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. ಗೆಳೆಯರು ಮಾಶಾ ಅಲ್ಲಾ ಎಂದು ಕಾಗದದ ಫೋಟೋ ತೆಗೆದರು. ರುಡಾಲ್ಫನಿಗೆ ರಿಲೀಸಿಗಿಂತ ಮೊದಲು ನೆನಪಾದದ್ದು ಆ ನಳಿಗೆಯ ಅಳತೆ. ತನ್ನ ತಲೆಗೆ ಹೊಳೆದದ್ದು ಅದು. ಊರಲ್ಲಿ ಶಾಲೆ ಬಿಟ್ಟಂದಿನಿಂದ ಅಷ್ಟು ಖುಷಿಯಾದದ್ದು ನೆನಪಿಲ್ಲ ಅವನಿಗೆ.

ಖುಷಿ ಭಾನುವಾರದವರೆಗೆ ಬಾಳಿಕೆ ಬಂತು. ಅಂದು ಅವನು ರಿಲೀಸ್ ಕಾಗದ ಹಿಡಿದು ಹೋದರೆ ಅಬು ಮಿಶಾಲ್ ಗೋಡೆಗೆ ಆ ಗುರಿಕಾಗದವನ್ನು ಅಂಟಿಸುತ್ತಿದ್ದ. ಇಂಥ ಕೈಯನ್ನು ಯಾರಾದರೂ ಬೇರೆಯವರಿಗೆ ಕೊಡುತ್ತಾರೆಯೇ ಎಂದು ಅವನೇ ತಿರುಗಿ ಕೇಳಿದ. ನೀನಿನ್ನು ನೌಕರನಲ್ಲ, ತಮ್ಮ, ಅಂದ. ತಮ್ಮನಿಗೆ ರಿಲೀಸ್ ಕೊಡುವ ಪದ್ಧತಿ ಯಾವ ದೇಶದಲ್ಲೂ ಇಲ್ಲ. ಮುಂದಿನ ಶುಕ್ರವಾರಕ್ಕೆ ಇಪ್ಪತ್ತು ಗುಂಡು ಹೆಚ್ಚು ಬೇಕು ಎಂದೂ ಸೇರಿಸಿದ.

ಡೊರೊತಿ ಕೇಳಿ ತಲೆಗೆ ಕೈ ಹಚ್ಚಿದಳು. "ಯಾರು ಹೇಳಿದ್ದು ನಿಮಗೆ ಅಷ್ಟು ಚಂದ ಮಾಡ್ಲಿಕ್ಕೆ? ಕೆಲಸ ಬರುವವನನ್ನು ಯಾರಾದ್ರೂ ಬಿಡ್ತಾರಾ? ಹಾಳು ಮಾಡಿ ಮಾರಾಯ್ರೆ, ನಾಲ್ಕು ವಾರ ಹಾಳು ಮಾಡಿ. ಅವನೇ ಕಳಿಸ್ತಾನೆ."

ಅವಳ ಮಾತಿನಲ್ಲಿ ನ್ಯಾಯವಿತ್ತು. ರುಡಾಲ್ಫ್ ಮನಸ್ಸಿಲ್ಲದ ಮನಸ್ಸಿನಿಂದ ಹಳೆ ಅಚ್ಚನ್ನೇ ತೆಗೆದು, ಆ ಸಣಕಲು ಗುಂಡುಗಳನ್ನೇ ಮತ್ತೆ ಹೊಯ್ದ. ಹೊಯ್ಯುವಾಗ ಕೈ ನಡುಗಿಸಿದ, ಒಂದೆರಡರಲ್ಲಿ ಗಾಳಿಗುಳ್ಳೆ ಕೂಡ ಬಿಟ್ಟ. ಕೆಟ್ಟದಾಗಿ ಮಾಡುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಉಳಿದವರು ದಿನವೂ ಅದನ್ನು ಹೇಗೆ ಸಲೀಸಾಗಿ ಮಾಡುತ್ತಾರೋ ಎಂದು ಆಶ್ಚರ್ಯಪಟ್ಟ.

ಶುಕ್ರವಾರ ಗೆಳೆಯರ ದಂಡೇ ಬಂದಿತ್ತು. ಅಬು ಮಿಶಾಲ್ ಐದು ಹೊಡೆದ. ಎರಡನೆಯ ಮತ್ತು ನಾಲ್ಕನೆಯ ಗುಂಡಿಗೆ ಹಲಗೆಯಿಂದ ಎರಡು ಮಾರು ದೂರದ ಮರಳದಿಣ್ಣೆಯಲ್ಲಿ ಧೂಳೆದ್ದದ್ದನ್ನು ರುಡಾಲ್ಫ್ ತನ್ನ ಕಣ್ಣಿನಿಂದ ನೋಡಿದ. ಒಳಗೊಳಗೇ ಸಮಾಧಾನವಾಯಿತು. ಶಬೀರ್ ಹೋದ, ಕಾಗದ ತಂದ, ಹರಡಿದ. ಐದು ತೂತು. ಫಿಂಜಾನಿನ ಬಾಯೊಳಗೆ.

ದಂಡು ಕೂಗಿತು. ರುಡಾಲ್ಫ್ ಕಾಗದದ ಮೇಲೆ ಬಗ್ಗಿದ. ಕೊಬ್ಬು ಸವರಿದ ಸೀಸದ ಗುಂಡು ಕಾಗದ ತೂರುವಾಗ ತೂತಿನ ಸುತ್ತ ಬೂದುಬಣ್ಣದ ಬಳೆಯೊಂದನ್ನು ಒರೆಸಿಟ್ಟು ಹೋಗುತ್ತದೆ. ಮೊದಲ ವಾರಗಳ ಕಾಗದಗಳಲ್ಲಿ ಅವನು ಅದನ್ನು ನೂರು ಸಲ ನೋಡಿದ್ದ. ಇಲ್ಲಿ ಬಳೆ ಇಲ್ಲ. ಬದಲಿಗೆ ಒಂದು ತೂತಿನ ಅಂಚಿನಲ್ಲಿ ಸಣ್ಣಗೆ ನೀಲಿ. ಹಲ್ಲಿನ ಮೇಲೆ ಸಾಸಿವೆಯಷ್ಟು ಕಲೆಯಿದ್ದರೂ ಹಿಡಿಯುವ ಕಣ್ಣು ಅದು. ಆ ಕಣ್ಣು ಕಾಗದದಿಂದ ಎದ್ದು ಶಬೀರನ ಜೇಬಿಗೆ ಹೋಯಿತು. ಜೇಬಿನಲ್ಲಿ ಮಂದೂಬನ ನೀಲಿ ಪೆನ್ನು.

ಕಾರುಗಳ ಹಿಂದೆ ಅವನನ್ನು ಒಂಟಿಯಾಗಿ ಹಿಡಿದು ಕೇಳಿದಾಗ ಶಬೀರ್ ಅಡಗಿಸಲಿಲ್ಲ. ಡಿಕ್ಕಿ ತೆರೆದ. ಅರ್ಜಿಗಳ ಕಟ್ಟಿನ ಪಕ್ಕದಲ್ಲಿ ಗುರಿಕಾಗದಗಳ ಸುರುಳಿ ಇತ್ತು, ಎಲ್ಲದಕ್ಕೂ ಐದೈದು ತೂತು, ಮನೆಯಲ್ಲೇ ಕುಳಿತು ಮಾಡಿದ್ದು. ಹೋಗುವಾಗ ಒಂದನ್ನು ಜಾಕೆಟ್ಟಿನೊಳಗೆ ಸೇರಿಸಿಕೊಳ್ಳುವುದು, ಹಲಗೆಯ ಮೇಲಿದ್ದದ್ದನ್ನು ಮುದ್ದೆ ಮಾಡಿ ಒಳಗೆ ಹಾಕುವುದು, ಇದನ್ನು ತರುವುದು.

"ಹೋದ ಶುಕ್ರವಾರದ್ದೂ?" ಎಂದು ರುಡಾಲ್ಫ್ ಕೇಳಿದ.

"ಅದೇ ಮೊದಲಿನದ್ದು. ನಿಮಗೋಸ್ಕರ ಮಾಡಿದ್ದು ರುಡಿ ಭಾಯಿ. ಐದು ಬಿದ್ರೆ ಅವತ್ತೇ ಸೈನ್ ಅಂತ ಅರ್ಬಾಬ್ ಹೇಳಿದ್ರಲ್ಲ. ನೀವು ಮೂರು ತಿಂಗಳಿಂದ ಸಾಯ್ತಾ ಇದ್ರಿ, ನನಗೆ ನೋಡ್ಲಿಕ್ಕಾಗ್ಲಿಲ್ಲ. ಆಮೇಲೆ ನಿಲ್ಲಿಸ್ಲಿಕ್ಕೆ ಆಗ್ತದಾ? ನಿಲ್ಲಿಸಿದ್ರೆ ನನ್ನ ಇಕಾಮಾ ಖಲಾಸ್."

"ಹಲಗೆಯಲ್ಲಿ ಇದ್ದ ಕಾಗದದಲ್ಲಿ ಎಷ್ಟು ಬಿದ್ದಿತ್ತು ಆ ದಿನ?"

"ನಾನು ನೋಡ್ಲೇ ಇಲ್ಲ," ಅಂದ ಶಬೀರ್. "ನೋಡಿ ಎಂಥ ಮಾಡ್ಲಿಕ್ಕುಂಟು?"

ರುಡಾಲ್ಫನಿಗೆ ಅವನ ಕುತ್ತಿಗೆ ಹಿಸುಕಬೇಕು ಅನಿಸಿತು. ಉಪಕಾರ ಮಾಡಿದವನ ಕುತ್ತಿಗೆ ಹಿಸುಕುವುದು ಹೇಗೆ? ತನ್ನನ್ನು ಬಿಡಿಸಲು ಇವನು ಚುಚ್ಚಿದ ಐದು ತೂತುಗಳೇ ತನ್ನನ್ನು ಕಟ್ಟಿಹಾಕಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ನಳಿಗೆಯ ಅಳತೆ ತೆಗೆದದ್ದು, ಅಚ್ಚು ಹಿಗ್ಗಿಸಿದ್ದು, ಜೀವಮಾನದಲ್ಲಿ ಒಮ್ಮೆ ತಲೆಗೆ ಹೊಳೆದದ್ದು, ಅದು ಸರಿಯೋ ತಪ್ಪೋ ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳಬೇಕಾಗಿದ್ದ ಕಾಗದ ಯಾವುದೋ ಕಸದ ಡಬ್ಬಿಯಲ್ಲಿ ಮುದ್ದೆಯಾಗಿ ಹೋಗಿದೆ.

ಆ ವಾರ ಅವನು ರಿಲೀಸನ್ನು ಮರೆತ. ಡೊರೊತಿ ಹಾಳು ಮಾಡಿದ್ರಾ ಎಂದು ಕೇಳಿದರೆ ಹೂಂ ಎಂದು, ಮಧ್ಯಾಹ್ನದ ಬಿಡುವಿನಲ್ಲೆಲ್ಲ ದಪ್ಪ ಗುಂಡುಗಳನ್ನು ಹೊಯ್ದ. ನಲವತ್ತು ಹೊಯ್ದು ಮೂವತ್ತೈದನ್ನು ಮತ್ತೆ ಕರಗಿಸಿದ. ಉಳಿದ ಐದು ಒಂದೇ ತೂಕ, ಒಂದೇ ಮೈ, ಚರ್ಮದಲ್ಲಿ ಒಂದು ಸುಕ್ಕಿಲ್ಲ. ಮೇಣವನ್ನು ಬೆರಳಿನಿಂದಲೇ ಸವರಿದ.

ಶುಕ್ರವಾರ ಅಬು ಮಿಶಾಲ್ ಗುರಿಯಿಟ್ಟು ನಿಧಾನವಾಗಿ ಐದು ಹೊಡೆದ. ಹೊಗಳಿಕೆ ಕೇಳಿ ಕೇಳಿ ಅವನ ಕೈಯೂ ಈಗ ನಿಜವಾಗಿ ನಿಂತಿತ್ತು. ಶಬೀರ್ ಜಾಕೆಟ್ ಎಳೆದುಕೊಂಡು ಹೊರಟ. ರುಡಾಲ್ಫ್ ಅಡ್ಡ ನಿಂತು, ಕೂತು ಕೂತು ಸೊಂಟ ಹಿಡಿದಿದೆ, ಇವತ್ತು ನಾನು ಹೋಗುತ್ತೇನೆ ಅಂದ. ಶಬೀರ್ ತುಳುವಿನಲ್ಲಿ ಬೇಡ ಬೇಡ ಎಂದು ಪಿಸುಗುಟ್ಟಿದ್ದನ್ನು ಕೇಳದವನ ಹಾಗೆ ನಡೆದೇಬಿಟ್ಟ.

ನೂರು ಮೀಟರ್ ನಡೆಯಲು ಅಷ್ಟು ಹೊತ್ತು ಬೇಕೆಂದು ಅವನಿಗೆ ತಿಳಿದಿರಲಿಲ್ಲ. ಕಾಗದದ ಮುಂದೆ ನಿಂತಾಗ ಮೊದಲು ಕಣ್ಣು ಮಂಜಾಯಿತು, ಮತ್ತೆ ತಿಳಿಯಾಯಿತು. ನಾಲ್ಕು ತೂತು, ಅಂಗೈ ಇಟ್ಟರೆ ಮುಚ್ಚುವಷ್ಟರಲ್ಲಿ. ಐದನೆಯದು ನಾಲ್ಕು ಬೆರಳು ಆಚೆ. ನಾಲ್ಕಕ್ಕೂ, ಆ ಐದನೆಯದಕ್ಕೂ, ಸುತ್ತ ಬೂದುಬಣ್ಣದ ಬಳೆ. ನೂರು ವರ್ಷದ ಕೋವಿ, ಟಯರ್ ಅಂಗಡಿಯ ಸೀಸ, ಆಡಿನ ಕೊಬ್ಬು. ತಾನು ತಿಳಿದದ್ದು ಸರಿ. ಅವನಿಗೆ ಅಳು ಬಂತು, ಯಾರೂ ನೋಡದ ಹಾಗೆ ಅಲ್ಲೇ ಸ್ವಲ್ಪ ಅತ್ತ. ಆಮೇಲೆ ಐವತ್ತರ ಹತ್ತಿರದ ಆ ಮನುಷ್ಯ ಕಾಗದ ಎತ್ತಿಹಿಡಿದುಕೊಂಡು ಓಡೋಡಿ ಬಂದ.

ಅಬು ಮಿಶಾಲ್ ಕಾಗದವನ್ನು ನೋಡಿದ. ಫಿಂಜಾನ್ ಬೋರಲು ಹಾಕಿದ. ಎರಡು ತೂತು ಅಡಿಗೆ ಹೋದವು, ಮೂರು ಹೊರಗುಳಿದವು. ಅವನ ನಗು ಮೆಲ್ಲಗೆ ಇಳಿಯಿತು. ಗೆಳೆಯರಲ್ಲೊಬ್ಬ ಏನೋ ಅಂದ, ಉಳಿದವರು ಬೇರೆ ಕಡೆ ನೋಡಿ ನಕ್ಕರು. ಇದು ಬಹಳ ಒಳ್ಳೆಯದು ಸರ್, ಹಳೆ ಕೋವಿಗೆ ಇದಕ್ಕಿಂತ ಒಳ್ಳೆಯದು ಯಾರಿಂದಲೂ ಆಗದು, ಎಂದು ರುಡಾಲ್ಫ್ ತನಗೆ ಗೊತ್ತಿದ್ದ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹೇಳಿದ. ಹಾಗಾದರೆ ಹೋದ ವಾರದ್ದು ಏನು, ಅದರ ಹಿಂದಿನ ವಾರದ್ದು ಏನು ಎಂದು ಅಬು ಮಿಶಾಲ್ ಕೇಳಿದ. ಅದಕ್ಕೆ ಉತ್ತರ ಇತ್ತು. ಉತ್ತರ ಎರಡು ಮಾರು ದೂರದಲ್ಲಿ ಜಾಕೆಟ್ ಹಾಕಿಕೊಂಡು, ಮುಖ ಬಿಳಿಚಿ, ಊರಿನ ಐದು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿತ್ತು. ರುಡಾಲ್ಫ್ ಬಾಯಿ ಮುಚ್ಚಿದ.

ಭಾನುವಾರ ಅಬು ಮಿಶಾಲನೇ ಕರೆಸಿದ. ಗೋಡೆಯ ಮೇಲೆ ಶಬೀರನ ಎರಡು ಕಾಗದಗಳು. ಎಲ್ಲ ಕೈಗೂ ಒಂದು ಕಾಲ ಎಂದು ಇರುತ್ತದೆ, ನಿನ್ನದು ದಣಿದಿದೆ, ತಮ್ಮನಾದರೂ ಹೇಳಬೇಕಾದ್ದು ಹೇಳಬೇಕು, ಎಂದು ಬಹಳ ಮಮತೆಯಿಂದ ಹೇಳಿ ರಿಲೀಸಿಗೆ ಸಹಿ ಹಾಕಿದ. ಗುಂಡು ಮಾಡಲು ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಾನಂತೆ. ಶಬೀರ್ ಆಗಲೇ ಒಬ್ಬನನ್ನು ಹುಡುಕುತ್ತಿದ್ದಾನಂತೆ. ಸಲ್ವಾದಲ್ಲಿ ಹಲ್ಲಿನ ಕೆಲಸ ಮಾತ್ರ ಮಾಡು ಎಂಬ ಬುದ್ಧಿಮಾತೂ ಬಂತು.

ಕೈಯಲ್ಲಿ ರಿಲೀಸ್. ಹೊರಗೆ ಹೋಗಿ ಕುಣಿಯಬೇಕಾದವನು ಅಲ್ಲೇ ನಿಂತ. "ಸರ್, ಮೊನ್ನೆಯ ಆ ಕಾಗದ ನನಗೆ ಕೊಡ್ತೀರಾ?"

ಅಬು ಮಿಶಾಲ್ ಹುಬ್ಬೇರಿಸಿದ. "ಆ ಹಾಳು ಕಾಗದವಾ? ಅದನ್ನು ಅಲ್ಲೇ ಬಿಸಾಡಿ ಆಯ್ತಲ್ಲ." ಆಮೇಲೆ ರುಡಾಲ್ಫನ ಮುಖ ನೋಡಿ ಅವನಿಗೆ ಪಾಪ ಅನಿಸಿರಬೇಕು. ಎದ್ದುಹೋಗಿ ಗೋಡೆಯಿಂದ ಒಂದನ್ನು ಜೋಪಾನವಾಗಿ ಬಿಡಿಸಿ, ಕೆಳಗೆ ತನ್ನ ಹೆಸರು ಬರೆದು, ನೆನಪಿಗೆ ಇಟ್ಟುಕೋ ಎಂದು ಕೈಗಿತ್ತ. ಜನವರಿಯ ಎರಡನೇ ಶುಕ್ರವಾರದ್ದು. ರುಡಾಲ್ಫ್ ಥ್ಯಾಂಕ್ಯೂ ಸರ್ ಅಂದ.

ಈಗ ಅವನು ನಾಲ್ಕಕ್ಕೆ ಮನೆ ಸೇರುತ್ತಾನೆ, ಶುಕ್ರವಾರ ಹೆಂಡತಿಯ ಜೊತೆ ಪೂಜೆಗೆ ಹೋಗುತ್ತಾನೆ. ಕಫೀಲನ ಸಹಿಯಿರುವ ಆ ಗುರಿಕಾಗದಕ್ಕೆ ಡೊರೊತಿ ಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದ್ದಾಳೆ. ಮನೆಗೆ ಬಂದವರೆಲ್ಲ ಹತ್ತಿರ ಹೋಗಿ ಐದು ತೂತು ಎಣಿಸಿ, ಇದಕ್ಕೆ ಗುಂಡು ಮಾಡಿದ್ದು ನೀವೇಯಾ ಎಂದು ಕೇಳುತ್ತಾರೆ. ರುಡಾಲ್ಫ್ ಮೊದಮೊದಲು ಸುಮ್ಮನಿರುತ್ತಿದ್ದ. ಈಗೀಗ, ಹೌದು, ನಾನೇ, ಅನ್ನುತ್ತಾನೆ.